ಸೀನನ ಪಾತಿಯ ಕೆಂಪು ದಂಟು

ಈಗಲೂ ಬೆಳಗಿನ ಹೊತ್ತು ನಮ್ಮ ಬೀದಿಗೆ ಸೊಪ್ಪಿನ ತಳ್ಳುಗಾಡಿ ಬರುತ್ತದೆ. ಒದ್ದೆ ಗೋಣಿತಾಟಿನ ಕೆಳಗಿಂದ ಸಬ್ಬಸಿಗೆಯ ಘಮ ಮೊದಲು ಬಾಗಿಲಿಗೆ ಬರುತ್ತದೆ, ಮಾರುವವನ ಕೂಗು ಆಮೇಲೆ. ಆ ವಾಸನೆ ಮೂಗಿಗೆ ತಾಕಿತೆಂದರೆ ಆರ್‌ಪಿಸಿ ಲೇಔಟಿನ ಈ ಮನೆ, ಎದುರಿನ ಕಾರು, ತಂತಿಯ ಮೇಲೆ ಒಣಗುವ ಬಟ್ಟೆ ಎಲ್ಲವೂ ಒಂದು ಗಳಿಗೆ ದೂರ ಸರಿದು, ನಾನು ಮೂಡಲಪಾಳ್ಯದ ನಮ್ಮ ತೋಟದ ಬದುವಿನ ಮೇಲೆ ಬರಿಗಾಲಲ್ಲಿ ನಿಂತಿರುತ್ತೇನೆ. ನಿಮ್ಮಲ್ಲಿ ಯಾರಾದರೂ ಆ ಕಡೆಯ ಹಳೆಯ ಊರುಗಳಲ್ಲಿ ಹುಟ್ಟಿದವರಿದ್ದರೆ ನಾನು ಹೇಳುವುದು ನಿಮಗೆ ಗೊತ್ತಾಗುತ್ತದೆ. ಬಾವಿಯಿಂದ ನೀರೆತ್ತುವ ಕಪಿಲೆ ಎಳೆಯುವ ಎತ್ತುಗಳು ಹಿಂದಕ್ಕೂ ಮುಂದಕ್ಕೂ ನಡೆಯುತ್ತಿದ್ದದ್ದು, ಚರ್ಮದ ಬಾನಿಯಿಂದ ನೀರು ತೊಟ್ಟಿಗೆ ಧೊಪ್ಪನೆ ಬೀಳುತ್ತಿದ್ದದ್ದು, ಆ ನೀರು ಕಾಲುವೆಯಲ್ಲಿ ಹರಿದು ಒಂದೊಂದೇ ಪಾತಿಗೆ ನುಗ್ಗುವಾಗ ಒಣಮಣ್ಣು ಸಣ್ಣಗೆ ಸದ್ದು ಮಾಡುತ್ತಿದ್ದದ್ದು. ಮೆಂತ್ಯ, ಕೊತ್ತಂಬರಿ, ಸಬ್ಬಸಿಗೆ, ಬದನೆ, ಮೂಲಂಗಿ, ಒಂದಷ್ಟು ಕ್ಯಾರೆಟ್. ಬಾವಿಯ ಪಕ್ಕ ಪರಂಗಿ ಗಿಡಗಳು, ಬೇಲಿಗೆ ಒರಗಿಕೊಂಡು ಒಂದು ಸೀಬೆಮರ. ಕೋಳಿ ಕೂಗುವ ಮೊದಲೇ ಅಪ್ಪ ಗಾಡಿ ಕಟ್ಟಿ ಮಾಗಡಿ ರಸ್ತೆ ಹಿಡಿದು ಪೇಟೆಗೆ ಹೋಗುತ್ತಿದ್ದರು. ಒಳ್ಳೆಯ ತರಕಾರಿಯೆಲ್ಲ ಪೇಟೆಗೆ. ಹುಳ ಕಚ್ಚಿದ್ದು, ಸೊಟ್ಟಗಾದದ್ದು ಮನೆಗೆ.

ಇಂಥ ಮನೆಯಲ್ಲಿ ನನ್ನ ತಮ್ಮ ಸೀನ ಒಂದು ಎಲೆ ಸೊಪ್ಪು ತಿನ್ನುತ್ತಿರಲಿಲ್ಲ ಎಂದರೆ ಈಗ ನಗು ಬರುತ್ತದೆ. ಆಗ ಯಾರೂ ನಗುತ್ತಿರಲಿಲ್ಲ. ನಮ್ಮ ಅವ್ವ ಜ್ವರ ಬಂದು ತೀರಿಕೊಂಡಾಗ ಅವನು ಇನ್ನೂ ಸರಿಯಾಗಿ ಮಾತು ಕಲಿತಿರಲಿಲ್ಲ. ಸೆರಗಿನ ವಾಸನೆ ಹುಡುಕಿಕೊಂಡು ಮನೆಯೆಲ್ಲ ಅಲೆದು, ಸಿಗದೆ, ಹೊಸ್ತಿಲ ಮೇಲೆ ಕೂತು ಅಳುತ್ತಿದ್ದ. ಅಪ್ಪನ ತಾಯಿ, ನಮ್ಮ ಅಜ್ಜಿ, ಆ ಅಳು ತಡೆಯಲಾರದೆ ಅಡುಗೆಮನೆಯ ಮೂಲೆಯ ಗಡಿಗೆಯಿಂದ ಒಂದು ಚೂರು ಬೆಲ್ಲ ತಂದು ಅವನ ಬಾಯಿಗಿಡುತ್ತಿದ್ದಳು. ಅಳು ನಿಲ್ಲುತ್ತಿತ್ತು. ಹಾಗೇ ಬೆಲ್ಲ, ಆಮೇಲೆ ಬೆಲ್ಲ ಕಲಸಿದ ಅನ್ನ, ಆಮೇಲೆ ಅದೊಂದೇ. ಸಾರಿನಲ್ಲಿ ಸೊಪ್ಪಿನ ಒಂದು ಎಸಳು ಕಂಡರೂ ತಟ್ಟೆ ತಳ್ಳಿಬಿಡುತ್ತಿದ್ದ. "ತಾಯಿ ಇಲ್ದಿರೋ ಮಗ, ತಿನ್ನೋದ ತಿನ್ಲಿ ಬಿಡಿ," ಎಂದು ಅಜ್ಜಿ ಎಲ್ಲರ ಬಾಯಿ ಮುಚ್ಚಿಸುತ್ತಿದ್ದಳು. ಅದು ಅವಳ ಪ್ರೀತಿ. ಮಗುವಿನ ಸಂಕಟಕ್ಕೆ ಅವಳ ಕೈಗೆ ಸಿಕ್ಕ ಮದ್ದು ಅದೇ ಆಗಿತ್ತು.

ಅವ್ವ ಹೋದ ಒಂದೂವರೆ ವರ್ಷಕ್ಕೆ ಅಪ್ಪ ಕೆಂಗೇರಿ ಕಡೆಯಿಂದ ಗೌರಮ್ಮನನ್ನು ಮದುವೆಯಾಗಿ ಕರೆತಂದರು. ನಮಗೆ ಅವರು ಚಿಕ್ಕಮ್ಮ. ಇನ್ನೂ ಹುಡುಗಿಯಂಥ ಮುಖ, ಉದ್ದ ಕೈಗಳು, ಮಾತು ಕಡಿಮೆ. ಬಂದ ದಿನದಿಂದಲೇ ಊರ ಹೆಂಗಸರ ಕಣ್ಣು ಅವರ ಮೇಲಿತ್ತು. ಸೀನ ಮೊದಲೇ ಕಡ್ಡಿಯಂತಿದ್ದ. ಈಗ ಅವನ ಪಕ್ಕೆಲುಬು ಕಂಡವರೆಲ್ಲ ಚಿಕ್ಕಮ್ಮನ ಮುಖ ನೋಡುತ್ತಿದ್ದರು. ಮಲತಾಯಿ ಎಂಬ ಮಾತನ್ನು ನಮ್ಮೆದುರು ಯಾರೂ ಆಡದಿದ್ದರೂ ಅದು ಬಾವಿಕಟ್ಟೆಯ ಮೇಲೆ, ಕೊಡಗಳ ನಡುವೆ ಕೂತೇ ಇರುತ್ತಿತ್ತು. ಅವರು ಗದರಿದರೆ ತಪ್ಪು, ಗದರದಿದ್ದರೂ ತಪ್ಪು. ಸೀನನಂತೂ ಅವರ ಕೈಯಿಂದ ಒಂದು ತುತ್ತನ್ನೂ ಮುಟ್ಟುತ್ತಿರಲಿಲ್ಲ.

ಆ ಸಂಜೆ ನನಗೆ ಚೆನ್ನಾಗಿ ನೆನಪಿದೆ. ಹೊತ್ತು ಮುಳುಗುತ್ತಿತ್ತು, ದನ ಹಟ್ಟಿಗೆ ಬಂದಿದ್ದವು. ಸೀನ ಅಂಗಳದಿಂದ ಹೊರಟವನು ಮನೆಯ ಬಾಗಿಲ ಕಡೆ ತಿರುಗದೆ ನೇರವಾಗಿ ಬಾವಿಯ ಕಡೆ ನಡೆಯತೊಡಗಿದ. ಎರಡು ಕೈಗಳನ್ನೂ ಮುಂದೆ ಚಾಚಿಕೊಂಡಿದ್ದ. ಆಟವಾಡುತ್ತಿದ್ದಾನೆ ಎಂದುಕೊಂಡೆ. ನಮ್ಮ ಬಾವಿಗೆ ಒಂದು ಕಡೆ ಕಟ್ಟೆ ಇರಲಿಲ್ಲ. ಚಿಕ್ಕಮ್ಮ ಹಿಡಿದಿದ್ದ ಮೊರವನ್ನು ಎಸೆದು ಓಡಿಹೋಗಿ ಅವನ ರಟ್ಟೆ ಹಿಡಿದು ಹಿಂದಕ್ಕೆ ಎಳೆದರು. ಇಬ್ಬರೂ ಮಣ್ಣಿಗೆ ಬಿದ್ದರು. ಅವನು ಕಿರುಚಿಕೊಂಡ ಸದ್ದಿಗೆ ಅಜ್ಜಿ ಹೊರಗೆ ಬಂದಳು.

"ಹೊಡುದ್ಯೇನೇ ನನ್ನ ಮಗೀನ?"

ಚಿಕ್ಕಮ್ಮ ಸೀನನ ಗಲ್ಲ ಹಿಡಿದು ಮುಖವನ್ನು ತಮ್ಮ ಕಡೆ ತಿರುಗಿಸಿಕೊಂಡು, ಅವನ ಕಣ್ಣೆದುರು ಕೈ ಆಡಿಸಿದರು. ಅವನು ರೆಪ್ಪೆ ಮಿಟುಕಿಸಲಿಲ್ಲ.

"ಅತ್ತೆಮ್ಮಾ, ಈ ಮಗೀಗೆ ಕತ್ಲಾದ್ರೆ ಕಣ್ಣು ಕಾಣಲ್ಲ," ಎಂದರು.

ಮಾರನೆಯ ದಿನ ಅಪ್ಪ ತರಕಾರಿ ಹೇರದ ಬರಿಗಾಡಿಯಲ್ಲಿ ಅವನನ್ನು ಪೇಟೆಯ ಆಸ್ಪತ್ರೆಗೆ ಕರೆದೊಯ್ದರು. ಚಿಕ್ಕಮ್ಮನೂ ನಾನೂ ಜೊತೆಗಿದ್ದೆವು. ಡಾಕ್ಟರು ಒಳ್ಳೆಯ ಮನುಷ್ಯರು. ಸೀನನ ಕಣ್ಣುರೆಪ್ಪೆ ಬಿಡಿಸಿ ನೋಡಿ, "ಇದು ಇರುಳುಗಣ್ಣು. ಕಣ್ಣಿಗೆ ಬಂದಿರೋದು ಊಟದ ಕೊರತೆಯಿಂದ. ಹೀಗೇ ಬಿಟ್ರೆ ಹಗಲು ದೃಷ್ಟಿನೂ ಹೋಗಬಹುದು," ಎಂದರು. ಮೀನೆಣ್ಣೆಯ ಔಷಧ ಕೊಟ್ಟು, ಅದರ ಜೊತೆಗೆ ಸೊಪ್ಪು, ಕ್ಯಾರೆಟ್, ಪರಂಗಿಹಣ್ಣು ತಪ್ಪದೆ ತಿನ್ನಿಸಬೇಕೆಂದು ಹೇಳಿ, "ತರಕಾರಿ ಕೊಂಡುಕೊಳ್ಳೋದಕ್ಕೆ ಅನುಕೂಲ ಇದೆಯೇನಪ್ಪಾ?" ಎಂದು ಮೆತ್ತಗೆ ಕೇಳಿದರು. ಅಪ್ಪ ತಲೆ ತಗ್ಗಿಸಿಕೊಂಡು ನಿಂತಿದ್ದರು.

ಮೀನೆಣ್ಣೆ ಸೀನನ ಹೊಟ್ಟೆಯಲ್ಲಿ ನಿಲ್ಲಲಿಲ್ಲ. ಕುಡಿದದ್ದೆಲ್ಲ ಕಕ್ಕಿಬಿಡುತ್ತಿದ್ದ. ಚಿಕ್ಕಮ್ಮ ಮೆಂತ್ಯಸೊಪ್ಪನ್ನು ನುಣ್ಣಗೆ ಅರೆದು, ಬೆಲ್ಲ ಬೆರೆಸಿ, ರಾಗಿರೊಟ್ಟಿಯೊಳಗೆ ಸೇರಿಸಿ ತಟ್ಟಿದರು. ರಾಗಿಯ ಕಪ್ಪಿನಲ್ಲಿ ಹಸಿರು ಕಾಣಿಸಲಿಲ್ಲ. ಸೀನ ಅರ್ಧ ತಿಂದ. ಅಷ್ಟರಲ್ಲಿ ಹಲ್ಲಿಗೆ ನಾರು ಸಿಕ್ಕಿಹಾಕಿಕೊಂಡಿತು. ಬೆರಳು ಹಾಕಿ ತೆಗೆದು ನೋಡಿದ. ಆ ನಾರನ್ನು ಚಿಕ್ಕಮ್ಮನ ಮುಂದೆ ಹಿಡಿದು, ಅಳಲೂ ಇಲ್ಲ, ಸುಮ್ಮನೆ ಅವರನ್ನೇ ನೋಡಿದ. ಅವತ್ತಿನಿಂದ ರೊಟ್ಟಿಯನ್ನೂ ಬಿಟ್ಟ. ಅನ್ನವನ್ನು ಕೂಡ ಬೆರಳಿಂದ ಕೆದಕಿ ಕೆದಕಿ ನೋಡಿಯೇ ತಿನ್ನುತ್ತಿದ್ದ. ಅಪ್ಪನಿಗೆ ತಾಳ್ಮೆ ಮೀರಿತು. ಒಂದು ಮಧ್ಯಾಹ್ನ ಅವನನ್ನು ತೊಡೆಯ ನಡುವೆ ಒತ್ತಿ ಹಿಡಿದು, ಮೂಗು ಮುಚ್ಚಿ, ಬಾಯಿಗೆ ಮಸ್ಸೊಪ್ಪು ತುರುಕಲು ಹೋದರು. ಯಾವತ್ತೂ ಅಪ್ಪನ ಮುಂದೆ ನಿಂತು ಮಾತಾಡದ ಚಿಕ್ಕಮ್ಮ ಅವತ್ತು ಅವರ ಕೈ ಹಿಡಿದುಕೊಂಡರು.

"ಬಿಡಿ ಅಂದ್ರೆ. ಹಂಗೆ ತಿನ್ಸಿದ್ದು ಮೈಗೆ ಹತ್ತಲ್ಲ. ನಾನೊಂದು ಸಲ ಮೋಸ ಮಾಡಿದ್ದಕ್ಕೇ ರೊಟ್ಟಿ ಬಿಟ್ಟವ್ನೆ."

"ಮತ್ತೆ ಕಣ್ಣು ಹೋಗ್ಲಾ?" ಎಂದರು ಅಪ್ಪ. ಅವರ ಕಣ್ಣಲ್ಲಿ ನೀರಿತ್ತು.

"ಹೋಗಕ್ಕೆ ಬಿಡಲ್ಲ. ನಂಗೆ ಒಸಿ ದಿನ ಕೊಡಿ."

ಅಡುಗೆಮನೆಯ ಹಿಂದೆ ಪಾತ್ರೆ ತೊಳೆದ ನೀರು ಹರಿಯುವ ಜಾಗದಲ್ಲಿ ಚಿಕ್ಕಮ್ಮ ಒಂದು ಪುಟ್ಟ ಪಾತಿ ಕಟ್ಟಿದರು. ಹಲವು ಬಗೆಯ ಬೀಜಗಳನ್ನು ಮೊರದಲ್ಲಿ ಬೇರೆಬೇರೆಯಾಗಿಟ್ಟು ಸೀನನ ಮುಂದಿಟ್ಟರು. "ಇದು ನಿನ್ ಪಾತಿ. ಯಾವ್ದು ಬೇಕೋ ಹಾಕ್ಕೊ," ಎಂದಷ್ಟೇ ಹೇಳಿ ಒಳಗೆ ಹೋದರು. ಅವನು ಬಹಳ ಹೊತ್ತು ಕುಕ್ಕರಗಾಲಲ್ಲಿ ಕೂತು ನೋಡಿದ. ಕೊನೆಗೆ ಇರುವೆಯ ಕಣ್ಣಿನಂತೆ ಹೊಳೆಯುವ ಕರಿಯ ಬೀಜ ಆರಿಸಿಕೊಂಡ. ಅದು ಕೆಂಪು ದಂಟಿನ ಬೀಜ. ಮೊಳಕೆ ಬಂದಾಗ ನೆಲವೆಲ್ಲ ಕುಂಕುಮ ಚೆಲ್ಲಿದ ಹಾಗಿತ್ತು. ಸೀನ ಬೆಳಗಾದರೆ ಅಲ್ಲೇ. ಕೋಳಿ ಬಂದರೆ ಕೋಲು ಹಿಡಿದು ಓಡಿಸುತ್ತಿದ್ದ. ಅಂಗೈಯಲ್ಲಿ ನೀರು ತಂದು, ದಾರಿಯಲ್ಲೇ ಅರ್ಧ ಚೆಲ್ಲಿ, ಉಳಿದದ್ದನ್ನು ಬುಡಕ್ಕೆ ಹನಿಸುತ್ತಿದ್ದ. ಅಜ್ಜಿಗೆ ಇದೆಲ್ಲ ಸರಿಬರಲಿಲ್ಲ. "ಕಣ್ ಕಾಣ್ದಿರೋ ಮಗೀನ ಮಣ್ಣಲ್ಲಿ ಆಡಾಕೆ ಬಿಟ್ಟು ಕೂತವ್ಳೆ," ಎಂದು ಗೊಣಗುತ್ತಿದ್ದಳು. ಚಿಕ್ಕಮ್ಮ ಕೇಳಿಯೂ ಕೇಳದವರಂತೆ ಇರುತ್ತಿದ್ದರು. ಆದರೆ ಸಂಜೆಯಾಗುತ್ತಲೇ ಅವರು ಎಲ್ಲ ಕೆಲಸ ಬಿಟ್ಟು ಬಂದು ಅವನ ಪಕ್ಕದಲ್ಲಿ ನಿಲ್ಲುತ್ತಿದ್ದುದನ್ನು, ಅವನು ಎಡವುವ ಕಡೆಗೆಲ್ಲ ಅವರ ಕೈ ತಾನಾಗಿ ಚಾಚಿಕೊಳ್ಳುತ್ತಿದ್ದುದನ್ನು ನಾನು ನೋಡುತ್ತಿದ್ದೆ. ಅವರಿಗೆ ಭಯವಿತ್ತು. ದಿನಗಳು ಓಡುತ್ತಿವೆ ಎಂಬುದು ನಮ್ಮೆಲ್ಲರಿಗಿಂತ ಚೆನ್ನಾಗಿ ಅವರಿಗೇ ಗೊತ್ತಿತ್ತು.

ದಂಟು ಮೊಣಕಾಲೆತ್ತರ ಬಂದ ದಿನ ಚಿಕ್ಕಮ್ಮ ಪಾತಿಯ ಅಂಚಿನಲ್ಲಿ ಕೂತು, ಬೇರೆ ಮನೆಯವರ ಹತ್ತಿರ ಕೇಳುವ ಹಾಗೆ ಕೇಳಿದರು.

"ಇವತ್ತು ಸಾರಿಗೇನೂ ಇಲ್ಲ ಕಣೋ. ನಿನ್ ಸೊಪ್ಪಲ್ಲಿ ನಂಗೊಂದಿಷ್ಟು ಕೊಡ್ತೀಯಾ?"

ಸೀನ ಯೋಚಿಸಿದ. ಆ ಕಡೆ ನಡೆದ, ಈ ಕಡೆ ನಡೆದ. ಎಲ್ಲಕ್ಕಿಂತ ಕುಳ್ಳಗಿದ್ದ ಒಂದು ದಂಟನ್ನು ಕಿತ್ತುಕೊಟ್ಟ. ಚಿಕ್ಕಮ್ಮ ನಗಲಿಲ್ಲ. ಆ ಒಂದೇ ದಂಟನ್ನು ತೊಳೆದು, ಹೆಚ್ಚಿ, ಸೌಟಿನಲ್ಲೇ ಒಗ್ಗರಣೆ ಮಾಡಿ, ಒಂದು ಹಿಡಿ ಅನ್ನಕ್ಕೆ ಕಲಸಿಕೊಂಡರು. ಬಿಳಿಯ ಅನ್ನ ಗುಲಾಬಿ ಬಣ್ಣಕ್ಕೆ ತಿರುಗಿತು. ಸೀನ ಹತ್ತಿರ ಬಂದು ನಿಂತು ಅವರ ಬಾಯನ್ನೇ ನೋಡುತ್ತಿದ್ದ.

"ಹೆಂಗೈತೆ?"

ಬೇರೆ ಯಾರಾದರೂ ಆಗಿದ್ದರೆ ಆಹಾ, ಅಮೃತ ಎನ್ನುತ್ತಿದ್ದರು. ಚಿಕ್ಕಮ್ಮ ಇನ್ನೊಂದು ತುತ್ತು ಅಗಿದು ನೋಡಿ ಹೇಳಿದರು: "ಸೊಪ್ಪು ಎಳೇದು, ಚೆನ್ನಾಗೈತೆ. ಉಪ್ಪು ಒಸಿ ಕಮ್ಮಿ ಹಾಕ್ಬಿಟ್ಟೆ ಅನ್ಸುತ್ತೆ. ಗೊತ್ತಾಗ್ತಿಲ್ಲ."

"ತತ್ತಾ, ನಾನ್ ನೋಡ್ತೀನಿ," ಎಂದು ಸೀನ ಬಾಯಿ ತೆರೆದ.

ಚಿಕ್ಕಮ್ಮ ಒಂದು ತುತ್ತು ಅವನ ಬಾಯಿಗಿಟ್ಟರು. ಅವನು ಅಗಿದ, ನಿಲ್ಲಿಸಿದ, ಮುಖ ಸಿಂಡರಿಸಿದ, ನುಂಗಿದ. ನುಂಗಿದ ಮೇಲೆ ದೊಡ್ಡವರ ಹಾಗೆ ತಲೆಯಾಡಿಸಿ, "ಹೂಂ, ಉಪ್ಪು ಕಮ್ಮಿ," ಎಂದ.

ಮರುದಿನ ಅವನೇ ಒಂದು ಹಿಡಿ ಕಿತ್ತು ತಂದ. ಉಪ್ಪು ನೋಡುವ ಕೆಲಸ ಅವನದೇ ಆಯಿತು. ಹಾಗೆಂದು ಎಲ್ಲವೂ ಒಮ್ಮೆಲೇ ಸರಿಹೋಯಿತು ಎಂದುಕೊಳ್ಳಬೇಡಿ. ಪರಂಗಿಹಣ್ಣನ್ನು ಅವನು ಮೂಸಿ ನೋಡಿ ದೂರ ಇಟ್ಟ. ಮುಟ್ಟಲು ವಾರಗಳೇ ಹಿಡಿದವು. ಕ್ಯಾರೆಟ್ಟನ್ನು ಬೇಯಿಸಿದರೆ ಒಲ್ಲ, ನೆಲದಿಂದ ಕಿತ್ತು ಚಡ್ಡಿಗೆ ಒರೆಸಿಕೊಂಡು ಕಚ್ಚಲು ಅಡ್ಡಿಯಿಲ್ಲ. ಬದನೆಕಾಯಿಯನ್ನಂತೂ ಸಾಯುವವರೆಗೂ ತಿನ್ನಲಿಲ್ಲ. ಚಿಕ್ಕಮ್ಮ ಯಾವುದಕ್ಕೂ ಬಲವಂತ ಮಾಡಲಿಲ್ಲ. ತಟ್ಟೆಯಲ್ಲಿ ಒಂದಿಷ್ಟು ಇಡುತ್ತಿದ್ದರು, ತಾವೂ ಎದುರಿಗೆ ಕೂತು ಅದನ್ನೇ ತಿನ್ನುತ್ತಿದ್ದರು, ಬಿಟ್ಟರೆ ಸುಮ್ಮನೆ ಎತ್ತಿಡುತ್ತಿದ್ದರು. ಹೊಟ್ಟೆಗೆ ನಾಲ್ಕು ತುತ್ತು ಹೋದ ಮೇಲೆ ಮೀನೆಣ್ಣೆಯೂ ಕಕ್ಕದೆ ಒಳಗೆ ನಿಂತಿತು. ಅಪ್ಪ ಪೇಟೆಗೆ ಗಾಡಿ ಹೇರುವ ಮೊದಲು ಒಂದು ಬುಟ್ಟಿ ಒಳ್ಳೆಯ ತರಕಾರಿಯನ್ನು ಅಡುಗೆಮನೆಯ ಬಾಗಿಲಲ್ಲಿ ಇಳಿಸಿ ಹೋಗತೊಡಗಿದರು.

ಒಂದು ಸಂಜೆ ನಾವೆಲ್ಲ ಜಗಲಿಯ ಮೇಲಿದ್ದೆವು. ಅಜ್ಜಿ ಅವರೆಕಾಯಿ ಬಿಡಿಸುತ್ತಿದ್ದಳು. ಆಕಾಶದಲ್ಲಿ ಬೂದಿಬಣ್ಣದ ಬೆಳಕಷ್ಟೇ ಉಳಿದಿತ್ತು. ಸೀನ ತಟ್ಟನೆ ಕೈಯೆತ್ತಿ, "ಅಕ್ಕಾ, ಕೊಕ್ಕರೆ ಹೋಗ್ತಾವೆ," ಎಂದ. ನಾನು ತಲೆಯೆತ್ತಿ ನೋಡಿದೆ. ಬಹಳ ಎತ್ತರದಲ್ಲಿ ಕೆರೆಯ ಕಡೆಗೆ ಒಂದು ಸಾಲು ಹೋಗುತ್ತಿತ್ತು. ನನಗೇ ಕಷ್ಟದಿಂದ ಕಂಡದ್ದು. ಅಜ್ಜಿಯ ಮಡಿಲಿನಿಂದ ಕಾಳುಗಳು ಉರುಳಿಹೋದವು. ಅವಳು ಎದ್ದು ಒಳಗೆ ಹೋದಳು. ಹಿಂದೆಯೇ ಹೋದ ನಾನು ಕಂಡದ್ದು, ಅವಳು ಬೆಲ್ಲದ ಗಡಿಗೆಯನ್ನು ಅಟ್ಟದ ಮೇಲಕ್ಕೆ ಏರಿಸುತ್ತಿದ್ದುದು. ಕೆಳಗಿಳಿದು, ಒಲೆಯ ಮುಂದಿದ್ದ ಚಿಕ್ಕಮ್ಮನ ಪಕ್ಕದಲ್ಲಿ ನಿಂತು, ಅವರ ಹೆಗಲ ಮೇಲೆ ಕೈಯಿಟ್ಟಳು.

"ಹಬ್ಬಕ್ಕೆ ತಕ್ಕೊಂಡ್ರೆ ಸಾಕು ಬಿಡವ್ವಾ," ಎಂದಳು. ಅವಳು ಚಿಕ್ಕಮ್ಮನನ್ನು ಅವ್ವಾ ಎಂದು ಕರೆದದ್ದು ಅದೇ ಮೊದಲು.

ಅಜ್ಜಿ ಹೋದಳು, ಅಪ್ಪ ಹೋದರು. ಸೀನ ರಾಜಾಜಿನಗರದ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿ, ಮಕ್ಕಳು ಮೊಮ್ಮಕ್ಕಳನ್ನು ಕಂಡು, ಅವನೂ ಹೋದ. ತೋಟವೆಲ್ಲ ಲೇಔಟಾಯಿತು. ಬಾವಿ ಮುಚ್ಚಿದರು. ಚಿಕ್ಕಮ್ಮ ಮಾತ್ರ ಬಹಳ ಕಾಲ ಇದ್ದರು. ಕೊನೆಯ ವರ್ಷಗಳಲ್ಲಿ ನನ್ನ ಜೊತೆಗೇ ಇದ್ದರು. ಒಂದು ದಿನ, "ಒಂದ್ಸಲ ಆ ಕಡೆ ಹೋಗಿಬರಾಣ ಕಣೇ," ಎಂದರು. ಆಟೋದಲ್ಲಿ ಮೂಡಲಪಾಳ್ಯಕ್ಕೆ ಕರೆದುಕೊಂಡು ಹೋದೆ. ಒಂದೇ ಥರದ ಬೀದಿಗಳು, ಒಂದಕ್ಕೊಂದು ಅಂಟಿಕೊಂಡ ಮನೆಗಳು. ಚಿಕ್ಕಮ್ಮ ಕೋಲೂರಿಕೊಂಡು ಸ್ವಲ್ಪ ದೂರ ನಡೆದು, ಒಂದು ತಿರುವಿನಲ್ಲಿ ನಿಂತುಬಿಟ್ಟರು. ಮೇಲಿನ ಮಹಡಿಯಿಂದ ಒಬ್ಬ ಹೆಣ್ಣುಮಗಳು ಬಗ್ಗಿ ನೋಡಿ, "ಯಾರು ಬೇಕಾಗಿತ್ತು ಅಜ್ಜಿ?" ಎಂದು ಕೇಳಿದಳು.

"ಯಾರೂ ಬ್ಯಾಡ ಕಣಮ್ಮ. ಮುಂಚೆ ನಾವು ಇಲ್ಲೇ ಇದ್ವಿ."

"ಹೌದಾ? ಯಾವ ಮನೇಲಿ?"

ಚಿಕ್ಕಮ್ಮ ತೋರಿಸಲೆಂದು ಕೈಯೆತ್ತಿದರು. ಆ ಉದ್ದನೆಯ ಕೈ ಬೀದಿಯ ಈ ತುದಿಯಿಂದ ಹೊರಟು, ನಿಧಾನವಾಗಿ ಆ ತುದಿಯವರೆಗೆ ಹೋಗಿ, ಎಲ್ಲಿ ನಿಲ್ಲಬೇಕೆಂದು ತಿಳಿಯದೆ ಗಾಳಿಯಲ್ಲೇ ಉಳಿಯಿತು.