ಎರಡೇ ರಿಮೋಟಿನ ಆಟ

ಗಾವಡಗೆರೆ ಹತ್ತಿರದ ನಮ್ಮ ಮನೆಗೂ ಓರಗಿತ್ತಿಯ ಮನೆಗೂ ನಡುವೆ ಇರುವುದು ಒಂದೇ ಗೋಡೆ. ಹುಣಸೂರಿನ ಕಾಲೇಜಿಂದ ನಾಲ್ಕೂವರೆ ಬಸ್ಸಿಗೆ ಬರುವ ನನ್ನ ಮಗಳು ನಮ್ಮ ಜಗುಲಿಯ ಮೇಲೆ ಬ್ಯಾಗು ಇಟ್ಟು, ಕಾಲು ತೊಳೆದು, ನೇರ ಆ ಕಡೆ ಹೋಗುತ್ತಿದ್ದಳು. ನಾನು ಮಾಡಿಟ್ಟ ಕಾಫಿ ಆರುತ್ತಿತ್ತು. ಗೋಡೆಯಾಚೆ ನನ್ನ ಮಗಳೂ ಅವಳ ಚಿಕ್ಕಮ್ಮನೂ ನಗುವುದು ಕೇಳುತ್ತಿತ್ತು. ಆಗೆಲ್ಲ ನಾನು ಪಾತ್ರೆಗಳನ್ನು ಬೇಕಾದ್ದಕ್ಕಿಂತ ಜೋರಾಗಿ ಕುಕ್ಕುತ್ತಿದ್ದೆ.

ಅವರು ಆಡುತ್ತಿದ್ದುದು ಟಿ.ವಿ.ಗೆ ಸಿಕ್ಕಿಸುವ ಒಂದು ವಿಡಿಯೊ ಗೇಮು. ಜಪಾನಿನ ಅನಿಮೆ ಚಿತ್ರಗಳಲ್ಲಿ ಬರುವಂಥ ದೊಡ್ಡ ಕಣ್ಣಿನ, ಮುಳ್ಳು ಕೂದಲಿನ ಜನ ಇಬ್ಬಿಬ್ಬರಾಗಿ ಹೊಡೆದಾಡುವ ಆಟ. ಭೇರ್ಯದ ಕಡೆಯವಳಾದ ಓರಗಿತ್ತಿಗೆ ಅವಳ ತಮ್ಮ, ತಾನು ಹೊಸದು ಕೊಂಡಾಗ, ಹಳೆಯದನ್ನು ಕೊಟ್ಟಿದ್ದ.

“ಒಳ್ಳೆ ಆಟ. ಆದ್ರೂ ಯಾರೂ ಕ್ಯಾರೇ ಅನ್ನಲ್ಲ ಕಣವ್ವ,” ಅಂದಿದ್ದಳು ಮಗಳು.

ತಪ್ಪು ಹುಡುಕಬೇಕೆಂದೇ ಒಂದು ಸಂಜೆ ಹೋಗಿ ಕೂತೆ. ತಪ್ಪುಗಳು ಬೇಕಾದಷ್ಟಿದ್ದವು. ಕಥೆಗೆ ತಲೆಬುಡವಿಲ್ಲ. ಹೆಣ್ಣುಮಕ್ಕಳ ಬಟ್ಟೆ ನೋಡಿದರೆ ನಮಗೆ ಚಳಿಯಾಗುತ್ತದೆ. ಅಕ್ಷರ ಸಾಸಿವೆಯಷ್ಟು. ಮೂಲೆಗೆ ಸಿಕ್ಕಿಕೊಂಡವರಿಗೆ ಪೆಟ್ಟಿನ ಮೇಲೆ ಪೆಟ್ಟು, ಹೊರಬರುವ ದಾರಿಯೇ ಇಲ್ಲ. ಇಂಟರ್ನೆಟ್ಟಿನಲ್ಲಿ ಎದುರಾಳಿ ಹುಡುಕಿದರೆ ಎಷ್ಟು ಕಾದರೂ ಒಬ್ಬರೂ ಸಿಗರು, ಪಕ್ಕದಲ್ಲೇ ಯಾರಾದರೂ ಕೂತಿರಬೇಕು. ಈ ಕೊನೆಯ ಕೊರತೆಯೇ ನನ್ನ ಮಗಳನ್ನು ಅಲ್ಲಿ ಕೂರಿಸಿತ್ತು. ಆಡಲು ಕೈಯಲ್ಲಿ ಹಿಡಿಯುವ ರಿಮೋಟು ಇದ್ದದ್ದು ಎರಡೇ.

ಒಳ್ಳೆಯದೂ ಕಂಡಿತು, ಹೇಳದಿದ್ದರೆ ಅನ್ಯಾಯ. ಒಬ್ಬೊಬ್ಬರ ನಡಿಗೆ ಒಂದೊಂದು ಥರ. ಮುದುಕಿಯೊಬ್ಬಳು ಸೊಂಟಕ್ಕೆ ಕೈಕೊಟ್ಟು ಬರುತ್ತಾಳೆ, ಅವಳೂ ಗೆಲ್ಲುತ್ತಾಳೆ. ದೊಡ್ಡ ಏಟು ಬೀಳುವ ಮೊದಲು ಹೊಡೆಯುವವರ ಕೂದಲಿನ ಬಣ್ಣ ಬದಲಾಗುತ್ತದೆ, ಅದು ಏಟಿನ ಸೂಚನೆಯೆಂದು ನನಗೆ ತಿಳಿದದ್ದು ಮಾತ್ರ ಆಮೇಲೆ. ತಾಳ್ಮೆಯಿಂದ ನೋಡುವವರಿಗೆ ಬೆಲೆಯಿರುವ ಆಟ.

ನಂಗೂ ಕೊಡಿ ಅಂತ ಕೇಳಿ, ಮುದುಕಿಯನ್ನೇ ಆರಿಸಿಕೊಂಡು ಓರಗಿತ್ತಿಯ ಎದುರು ಆಡಿದೆ. ಹೊಗೆಸೊಪ್ಪು ವಿಂಗಡಿಸುವುದರಲ್ಲೇ ಇಪ್ಪತ್ತೈದು ವರ್ಷ ಕಳೆದವಳು ನಾನು. ಬೆಂಕಿಯ ಕಾವು ಕೊಡುವ ಬ್ಯಾರನ್ ಕೋಣೆಯಲ್ಲಿ ಬೇಯಿಸಿದ ಎಲೆ ನಿಂಬೆಹಣ್ಣಿನ ಬಣ್ಣಕ್ಕಿದ್ದರೆ ಮೇಲು, ಕಂದು ತಿರುಗಿದರೆ ಕೀಳು. ಓರಗಿತ್ತಿ ಆಡಿಸುತ್ತಿದ್ದ ಹುಡುಗಿಯ ಹಳದಿ ಕೂದಲು ಕಂದಾಗುತ್ತಿದ್ದಂತೆ ನಾನು ಧೈರ್ಯವಾಗಿ ನುಗ್ಗಿದೆ. ನನ್ನ ಮುದುಕಿ ಆಕಾಶಕ್ಕೆ ಹಾರಿ ಬಿದ್ದಳು.

“ಯಾಕವ್ವ ಅಂಗೆ ನುಗ್ದೆ?” ಅಂದಳು ಮಗಳು.

“ಬಣ್ಣ ಕೆಟ್ಟೋಯ್ತಲ್ಲ, ಶಕ್ತಿ ಇಳೀತು ಅನ್ಕಂಡೆ.”

“ಅದೇನ್ ಸೊಪ್ಪಾ, ಗ್ರೇಡ್ ಮಾಡಕ್ಕೆ?”

ಇಬ್ಬರೂ ಒಬ್ಬರ ಭುಜದ ಮೇಲೊಬ್ಬರು ಬಿದ್ದು ನಕ್ಕರು. “ಬುಡಕ್ಕ, ಎಲ್ರಿಗೂ ಬರಲ್ಲ ಇದು,” ಅಂತ ಓರಗಿತ್ತಿ ಸಮಾಧಾನ ಮಾಡಿದಳು. ನಗುವನ್ನಾದರೂ ನಾನು ಸಹಿಸಿಕೊಳ್ಳುತ್ತಿದ್ದೆ, ಆ ಸಮಾಧಾನವನ್ನಲ್ಲ.

ಅಂದಿನಿಂದ ದಿನಾ ಫ್ಲಾಸ್ಕಿನಲ್ಲಿ ಕಾಫಿ ತೆಗೆದುಕೊಂಡು ಹೋಗಿ ಕೂತೆ. ರಿಮೋಟು ಕೇಳಲಿಲ್ಲ, ನೋಡಿದೆ. ಕೂದಲು ಒಮ್ಮೆಲೇ ಕಂದಾಗುವುದಿಲ್ಲ. ಎಲೆಯ ಹಾಗೆ ತುದಿ ಮೊದಲು ಬಣ್ಣ ತಿರುಗುತ್ತದೆ. ಅವರಿಬ್ಬರೂ ಕೂದಲೆಲ್ಲ ತಿರುಗಿದ ಮೇಲೆ ಎಚ್ಚೆತ್ತುಕೊಳ್ಳುತ್ತಿದ್ದರು.

ಒಂದು ಭಾನುವಾರ ಮತ್ತೆ ರಿಮೋಟು ಹಿಡಿದೆ. ತುದಿ ತಿರುಗಿದೊಡನೆ ಏಟು ತಡೆಯುವುದು, ಆಮೇಲೆ ಹೊಡೆಯುವುದು. ಓರಗಿತ್ತಿ ಮೂರು ಸಲ ಸೋತಳು.

ಮಗಳು ಪೂರ್ತಿ ನನ್ನ ಕಡೆ ತಿರುಗಿ ಕೂತಳು. ಅವಳ ಮೊಣಕಾಲು ನನ್ನ ಮೊಣಕಾಲಿಗೆ ತಾಗಿತ್ತು. “ಎಂಗವ್ವ ಗೊತ್ತಾಯ್ತು ನಿಂಗೆ?”

ಒಂದು ಮಾತಿನಲ್ಲಿ ಹೇಳಬಹುದಿತ್ತು. ಹೇಳಲಿಲ್ಲ. “ಬಾಯಲ್ಲಿ ಹೇಳಕಾಗಲ್ಲ ಕಣೆ. ಸೊಪ್ಪಿನ ಮುಂದೆ ಕೂತು ಕಣ್ಣು ಪಳಗ್ಬೇಕು. ನಾಳೆ ಶೆಡ್ಡಿಗೆ ಬಾ.”

ಮರುದಿನ ಬಸ್ಸಿಳಿದವಳು ನೇರ ಶೆಡ್ಡಿಗೇ ಬಂದಳು. ನಾನು ಚಾಪೆ ಹಾಸಿ ಕಾದಿದ್ದೆ. ಅವಳ ಹಿಂದೆಯೇ ಓರಗಿತ್ತಿ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು.

“ನಮ್ಮೂರ್ ಕಡೆ ಬರೀ ಭತ್ತ ಕಣಕ್ಕ. ನಂಗೂ ಒಸಿ ತೋರ್ಸು.”

ಬಾ ಕೂರು ಅಂದೆ. ಗಿಡದ ತಳದ ಎಲೆಗಳ ಕಪ್ಪು ಗುಡ್ಡೆಯನ್ನು ತಂದು ಅವಳ ಮುಂದೆ ಸುರಿದೆ. ಅದರಲ್ಲಿ ಹಳದಿ ಹುಡುಕಲು ಅವಳಿಗೆ ಇಡೀ ಸಂಜೆ ಬೇಕು. ಆಮೇಲೆ ಮಗಳ ಮಗ್ಗುಲಿಗೆ, ಅವರಿಬ್ಬರ ನಡುವೆ, ನಾನು ಕೂತೆ.