ಲ್ಯಾಪ್‌ಟಾಪಿನ ಪ್ರೊಸೆಸರ್ ಮತ್ತು ನನ್ನ ಸಲಹೆ

ಕಳೆದ ಬುಧವಾರ ಫೋನಿನಲ್ಲಿ ಒಂದು ಮಾತು ಹೇಳಿದೆ. ಅದನ್ನು ವಾಪಸ್ ತೆಗೆದುಕೊಳ್ಳಲು ಶುಕ್ರವಾರ ನಾಸಿಕದಿಂದ ಸಂಭಾಜಿನಗರಕ್ಕೆ ಬಸ್ಸು ಹತ್ತಬೇಕಾಯಿತು.

ಫೋನ್ ಮಾಡಿದ್ದವಳು ಮಹಾದೇವಿ. ನಮ್ಮ ಹೋಟೆಲಿನ ಪಕ್ಕದ ಕಟ್ಟಡ ಏಳುವಾಗ ಅಲ್ಲಿ ಇಟ್ಟಿಗೆ ಹೊರುತ್ತಿದ್ದ, ಇಂಡಿ ತಾಲೂಕಿನಿಂದ ಬಂದ ಗಂಗವ್ವನ ಮಗಳು. ಈಗ ಸಂಭಾಜಿನಗರದ ಹಾಸ್ಟೆಲಿನಲ್ಲಿದ್ದು ಸಿವಿಲ್ ಡಿಪ್ಲೊಮಾ ಮಾಡುತ್ತಿದ್ದಾಳೆ, ಕೊನೆಯ ವರ್ಷ. ಅವಳ ಲ್ಯಾಪ್‌ಟಾಪ್ ನನ್ನದೇ ಹಳೆಯದು. (ಕೊಟ್ಟದ್ದನ್ನು ಎಷ್ಟು ಜನರಿಗೆ ಹೇಳಿಕೊಂಡಿದ್ದೇನೋ, ಲೆಕ್ಕವಿಲ್ಲ.)

ಪ್ರಾಜೆಕ್ಟಿನ ಡ್ರಾಯಿಂಗ್ ಸೋಮವಾರ ಒಪ್ಪಿಸಬೇಕು, ಕಟ್ಟಡವನ್ನು ಪರದೆಯ ಮೇಲೆ ಸ್ವಲ್ಪ ತಿರುಗಿಸಿದರೂ ಹ್ಯಾಂಗ್ ಆಗುತ್ತದೆ ಎಂದಳು. ಪ್ರೊಸೆಸರ್ ಬದಲಿಸಿದರೆ ಸರಿಹೋಗುತ್ತದಾ ಎಂದು ಕೇಳಿದಳು.

"ಧಾರಾಳವಾಗಿ ಬದಲಿಸಬಹುದು. ಅಂಗಡಿಗೆ ಕೊಡು," ಎಂದೆ.

ಯಾವ ಆಧಾರದ ಮೇಲೆ? ಹಿಂದೊಮ್ಮೆ ನಮ್ಮ ಬಿಲ್ಲಿಂಗ್ ಕೌಂಟರಿನ ಕಂಪ್ಯೂಟರಿಗೆ ಬೇರೆ ಪ್ರೊಸೆಸರ್ ಹಾಕಿದ್ದನ್ನು ನೋಡಿದ್ದೆ. ಅಷ್ಟೇ ನನ್ನ ಪಾಂಡಿತ್ಯ.

ಶುಕ್ರವಾರ ಬೆಳಿಗ್ಗೆ ಕಂಪ್ಯೂಟರ್ ರಿಪೇರಿ ಮಾಡುವ ಗಿರಾಕಿಯೊಬ್ಬರು ತಿಂಡಿಗೆ ಬಂದಿದ್ದರು. ಮಾತಿಗೆ ಈ ವಿಷಯ ತೆಗೆದೆ. ಅವರು ಇಡ್ಲಿ ಬಿಟ್ಟು ನನ್ನ ಮುಖ ನೋಡಿದರು. ಅದು ದೊಡ್ಡ ಕಂಪ್ಯೂಟರಿನಲ್ಲಿ ಆಗುವ ಕೆಲಸವಂತೆ. ಈಗಿನ ಲ್ಯಾಪ್‌ಟಾಪುಗಳಲ್ಲಿ ಹೆಚ್ಚುಕಡಿಮೆ ಎಲ್ಲದರಲ್ಲೂ ಪ್ರೊಸೆಸರನ್ನು ಮದರ್‌ಬೋರ್ಡಿಗೇ ಬೆಸೆದಿರುತ್ತಾರಂತೆ. ಬಿಸಿ ಮಾಡಿ ಕೀಳಲು ಹೋದರೆ ಬೋರ್ಡೇ ಸುಟ್ಟುಹೋದೀತು ಎಂದರು.

ಮಹಾದೇವಿಗೆ ಫೋನ್ ಮಾಡಿದೆ. ಸ್ವಿಚ್ ಆಫ್. ಗಂಗವ್ವನಿಗೆ ಮಾಡಿದೆ. ಮಗಳ ಫೋನು ಅವಳಿಗೂ ಸಿಕ್ಕಿರಲಿಲ್ಲ. ಕೆಲಸ ಬಿಟ್ಟು, ಸೀರೆಗೆ ಮೆತ್ತಿದ್ದ ಸಿಮೆಂಟನ್ನೂ ಕೊಡವದೆ ಬಸ್‌ಸ್ಟ್ಯಾಂಡಿಗೆ ಬಂದಳು. ಸಾಲದ್ದಕ್ಕೆ ಡ್ರಾಯಿಂಗ್ ಬೇರೆ ಎಲ್ಲೂ ಇಲ್ಲ, ಆ ಲ್ಯಾಪ್‌ಟಾಪಿನೊಳಗೇ ಇದೆ ಎಂದು ಮಗಳು ಹೇಳಿದ್ದಳಂತೆ.

ನಿಫಾಡ್ ದಾಟುವಷ್ಟರಲ್ಲಿ ಹನ್ನೊಂದು ಸಲ ಡಯಲ್ ಮಾಡಿದ್ದೆ. ಕಿಟಕಿಯಾಚೆ ದ್ರಾಕ್ಷಿ ತೋಟಗಳಿದ್ದವು, ನನಗೆ ಕಾಣುತ್ತಿದ್ದದ್ದು ಸುಟ್ಟ ಬೋರ್ಡು. ಅಂಗಡಿಯವನು ಒಪ್ಪದೆಯೂ ಇರಬಹುದು ಎಂದು ಗಂಗವ್ವನಿಗೆ ಸಮಾಧಾನ ಹೇಳಿದೆ.

"ನೀವು ಹೇಳೀರಂದ ಮ್ಯಾಲ ಅಕಿ ಕೊಟ್ಟ ಇರತಾಳ್ರೀ ಅಕ್ಕಾರ," ಎಂದಳು ಗಂಗವ್ವ. "ಸಾಲಿ ವಿಚಾರದಾಗ ಅಕಿ ನನ್ನ ಕೇಳಂಗಿಲ್ರಿ. ನಿಮ್ಮನ್ನ ಕೇಳತಾಳ."

ಅವಳು ಚುಚ್ಚಿ ಹೇಳಿದ್ದಲ್ಲ. ಅದಕ್ಕೇ ಹೆಚ್ಚು ನಾಟಿತು. ಯೇವಲಾ, ವೈಜಾಪುರ ಕಳೆದವು.

ಹಾಸ್ಟೆಲಿನಲ್ಲಿ ಮಹಾದೇವಿ ಇರಲಿಲ್ಲ. ಬೆಳಿಗ್ಗೆಯೇ ಹೋಗಿದ್ದಾಳೆ, ಲ್ಯಾಬಿನಲ್ಲಿರಬಹುದು ಎಂದರು ವಾರ್ಡನ್. ಗಂಗವ್ವ ಓಡುವಂತೆ ನಡೆದಳು. ಲ್ಯಾಬಿನ ಹೊರಗೆ ಒಂದು ಡಬ್ಬಿಯ ತುಂಬ ಸ್ವಿಚ್ ಆಫ್ ಮಾಡಿದ ಫೋನುಗಳು. ಒಳಗೆ ಫೋನ್ ಒಯ್ಯುವಂತಿರಲಿಲ್ಲ. ಕೊನೆಯ ಸಾಲಿನಲ್ಲಿ, ಕಾಲೇಜಿನ ಕಂಪ್ಯೂಟರಿನ ಮುಂದೆ ಹುಡುಗಿ ಕೂತಿದ್ದಳು. ಪರದೆಯ ಮೇಲೆ ಅವಳ ಕಟ್ಟಡ ಸರಾಗವಾಗಿ ತಿರುಗುತ್ತಿತ್ತು.

ಅವಳು ನಿಜಕ್ಕೂ ಅಂಗಡಿಗೆ ಹೋಗಿದ್ದಳು. ಆತ ಹಿಂಬದಿ ಬಿಚ್ಚಿ, ಬಿಸಿ ಮಾಡಿ ತೆಗೆದು ನೋಡೋಣ ಎಂದನಂತೆ. ಬೋರ್ಡು ಹೋದರೆ ಏನು ಗತಿ ಎಂದು ಇವಳು ಕೇಳಿದಳಂತೆ. ಗ್ಯಾರಂಟಿ ಇಲ್ಲ ಎಂದನಂತೆ. ಅಷ್ಟಕ್ಕೇ ಲ್ಯಾಪ್‌ಟಾಪ್ ಎತ್ತಿಕೊಂಡು ಬಂದು, ಡ್ರಾಯಿಂಗನ್ನು ಪೆನ್‌ಡ್ರೈವಿಗೆ ಹಾಕಿ, ಲ್ಯಾಬ್ ಕೊಡಿ ಎಂದು ಮೇಷ್ಟ್ರನ್ನು ಕೇಳಿದ್ದಳು.

ಗಂಗವ್ವ ಮಗಳ ಬೆನ್ನಿಗೆ ಒಂದು ಗುದ್ದಿದಳು. ಆಮೇಲೆ ಅದೇ ಬೆನ್ನು ಸವರಿದಳು.

"ಮಾವಶಿ," ಎಂದಳು ಮಹಾದೇವಿ ನನ್ನ ಕಡೆ ತಿರುಗಿ, ಮೆತ್ತಗೆ. ಚಿಕ್ಕಮ್ಮ ಎನ್ನುವುದನ್ನು ಅವಳು ಮರಾಠಿಯಲ್ಲೇ ಕರೆಯುವುದು. "ತುಮ್ಹಾಲಾ ಮಾಹೀತ್ ನವ್ಹತಂ ಕಾ? ಗೊತ್ತಿರಲಿಲ್ಲೇನ್ರಿ ನಿಮಗ?"

"ಗೊತ್ತಿರಲಿಲ್ಲ," ಎಂದೆ.

ಒಂದೇ ಪದ. ಬುಧವಾರ ಅದನ್ನು ಹೇಳಲು ನನಗೇನು ಕಷ್ಟವಿತ್ತು?