ಆಯ್ತಾ ಅಕ್ಕನ ಗಂಡು ಸವತಿ

ಆ ಕಚೇರಿಯಲ್ಲಿ ಆಕೆಯ ಹುದ್ದೆಯ ಹೆಸರು ಪ್ರಾಜೆಕ್ಟ್ ಕೋಆರ್ಡಿನೇಟರ್. ಅಷ್ಟುದ್ದದ ಹೆಸರನ್ನು ಬಾಗಿಲಿನ ಫಲಕ ಬಿಟ್ಟರೆ ಬೇರೆ ಯಾರೂ ಬಳಸುತ್ತಿರಲಿಲ್ಲ. ಹದಿನೆಂಟು ವರ್ಷಗಳಿಂದ ಎಲ್ಲರಿಗೂ ಆಕೆ ‘ಆಯ್ತಾ ಅಕ್ಕ’. ಬೆಳಿಗ್ಗೆ ಹತ್ತು ಹೊಡೆದರೆ ಕುರ್ಚಿಯಿಂದ ಎದ್ದು, ಕಿಟಕಿ ಪಕ್ಕದ ಮೇಜಿನಿಂದ ಶುರುಮಾಡಿ ನೀರಿನ ಫಿಲ್ಟರಿನ ಪಕ್ಕದ ಮೇಜಿನವರೆಗೆ ಒಂದು ಸುತ್ತು ಹಾಕುತ್ತಿದ್ದಳು. ಪ್ರತಿ ಮೇಜಿನ ಬಳಿ ನಿಂತು ಒಂದೇ ಮಾತು: “ಆಯ್ತಾ?”

ಕಂಪನಿ ತಯಾರಿಸುತ್ತಿದ್ದದ್ದು ಲೈಬ್ರರಿಗಳಿಗೆ ಬೇಕಾದ ಸಾಫ್ಟ್‌ವೇರ್. ಯಾರು ಯಾವ ಪುಸ್ತಕ ಒಯ್ದರು, ಯಾವಾಗ ತರಬೇಕು, ತರದಿದ್ದರೆ ಯಾರು ನೆನಪಿಸಬೇಕು, ಇಷ್ಟೇ. ಹನ್ನೊಂದು ಜನ ಪ್ರೋಗ್ರಾಮರುಗಳು ಮಾಡಬೇಕಾದ ಪ್ರತಿಯೊಂದು ಕೆಲಸವೂ ಕಂಪ್ಯೂಟರಿನ ಬೋರ್ಡಿನ ಮೇಲೆ ಒಂದೊಂದು ಟಿಕೆಟ್ ಆಗಿ ಕೂತಿರುತ್ತಿತ್ತು. ಕೆಲಸ ಮುಂದೆ ಸಾಗಿದಂತೆ ಟಿಕೆಟನ್ನು ಒಂದು ಕಾಲಮ್ಮಿನಿಂದ ಮುಂದಿನ ಕಾಲಮ್ಮಿಗೆ ಎಳೆಯುವುದು ಅಕ್ಕನ ಕೆಲಸ. ಪ್ರೋಗ್ರಾಮರುಗಳೇ ಎಳೆಯಬಹುದಿತ್ತು. ಎಳೆಯುತ್ತಿರಲಿಲ್ಲ. ಸಂಜೆಯವರೆಗೆ ಹೇಗೂ ದಿನವನ್ನೇ ಎಳೆಯಬೇಕಲ್ಲ.

ಕಾನ್ವೆಂಟಿನಲ್ಲಿ ಓದುವಾಗ ಆಕೆ ಏಳು ವರ್ಷ ಸತತವಾಗಿ ಕ್ಲಾಸ್ ಮಾನಿಟರ್ ಆಗಿದ್ದವಳು. ಮಾತಾಡಿದವರ ಹೆಸರನ್ನು ಕರಿಹಲಗೆಯ ಮೇಲೆ ಬರೆದವಳು. ಇಲ್ಲಿಗೆ ಬಂದ ಮೇಲೆ ಮಾತಾಡದವರ ಹೆಸರು ಬರೆಯಬೇಕಾಯಿತು, ಅಷ್ಟೇ ವ್ಯತ್ಯಾಸ. ಆಕೆಯ ನೀಲಿ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಒಂದು ಸಣ್ಣ ನಿಘಂಟಿತ್ತು. ‘ಆಗ್ತಾ ಇದೆ’ ಅಂದರೆ ಶುರುವಾಗಿಲ್ಲ. ‘ಇನ್ನೇನು ಆಯ್ತು’ ಅಂದರೆ ಶುರುವಾಗಿ ಕೆಟ್ಟಿದೆ. ‘ನಾಳೆ’ ಅಂದರೆ ಗುರುವಾರ. ಯಾವ ಗುರುವಾರ ಎಂದು ಹೇಳಿದವನಿಗೂ ಗೊತ್ತಿರುವುದಿಲ್ಲ. ಈ ನಿಘಂಟಿನ ಬಲದಿಂದ ಆಕೆ ಹೇಳಿದ ತಾರೀಕು ಹದಿನೆಂಟು ವರ್ಷಗಳಲ್ಲಿ ತಪ್ಪಿದ್ದು ಎರಡೇ ಸಲ.

ನಿಘಂಟಿಗೂ ಸಿಗದವನು ಒಬ್ಬನೇ, ಮೌನಿ. ಕಾಲೇಜು ಮುಗಿಸಿ ನೇರ ಇಲ್ಲಿಗೇ ಬಂದವನಿಗೆ ರಜೆ ಅರ್ಜಿ ಎಲ್ಲಿ ಸಿಗುತ್ತದೆ, ಯಾವ ಲಿಫ್ಟಿನ ಗುಂಡಿ ಎರಡು ಸಲ ಒತ್ತಬೇಕು ಎಂದು ತೋರಿಸಿಕೊಟ್ಟವಳು ಅಕ್ಕ. ಜ್ವರ ಬಂದಾಗ ಮಾತ್ರೆ ತಂದುಕೊಟ್ಟವಳೂ ಅವಳೇ. ಹನ್ನೊಂದು ವರ್ಷದ ಮೇಲೆ ಈಗ ಅವನು ಅಲ್ಲಿನ ಹಿರಿಯ ತಲೆ. ಬೇರೆಯವರು ಬರೆದ ಕೋಡನ್ನೆಲ್ಲ ಕೊನೆಗೆ ನೋಡಿ ಒಪ್ಪುವವನು ಅವನೇ. “ಆಯ್ತಾ?” ಅಂದರೆ ಒಂದು ಹುಬ್ಬು ಏರಿಸುತ್ತಿದ್ದ. ತೀರಾ ಕಷ್ಟದ ಕೆಲಸವಾದರೆ ಎರಡು.

ಬೋರ್ಡಿನಲ್ಲಿ ನಾಲ್ಕು ಕಾಲಮ್ಮುಗಳು ಮೊದಲಿಂದ ಇದ್ದವು: ಮಾಡಬೇಕಾದ್ದು, ಮಾಡುತ್ತಿರುವುದು, ಪರಿಶೀಲನೆ, ಮುಗಿದದ್ದು. ಐದನೆಯದು ಅಕ್ಕನ ಸ್ವಂತ ಆವಿಷ್ಕಾರ. ಅದರ ಹೆಸರು ‘ಮುಂದೆ ನೋಡೋಣ’. ಯಾವುದೋ ಲೈಬ್ರರಿಯವರು ಆಗದ ಹೋಗದ ಬೇಡಿಕೆ ಇಟ್ಟರೆ ಮುಖಕ್ಕೆ ಹೊಡೆದಂತೆ ಇಲ್ಲ ಅನ್ನಲಾಗದು. ಅಕ್ಕ ಅದಕ್ಕೊಂದು ಟಿಕೆಟ್ ಮಾಡಿ ಆ ಕಾಲಮ್ಮಿಗೆ ಹಾಕಿ, “ನಿಮ್ಮ ಬೇಡಿಕೆ ಬೋರ್ಡಿನ ಮೇಲಿದೆ” ಎಂದು ಉತ್ತರಿಸುತ್ತಿದ್ದಳು. ಸುಳ್ಳಲ್ಲ. ಯಾರ ಮನಸ್ಸೂ ನೋಯದ, ಯಾರ ಬೆರಳೂ ನೋಯದ ವ್ಯವಸ್ಥೆ. ಒಂಬತ್ತು ವರ್ಷಗಳಲ್ಲಿ ಅಲ್ಲಿ ಮೂವತ್ತೇಳು ಟಿಕೆಟ್‌ಗಳು ಸೇರಿದ್ದವು, ಒಂದೂ ಹೊರಗೆ ಬಂದಿರಲಿಲ್ಲ.

ಹೀಗಿರುವಾಗ ಒಂದು ದಿನ ಮ್ಯಾನೇಜರ್ ಒಳಗೆ ಕರೆದರು.

“ಅಕ್ಕ, ನಮ್ಮ ಬೋರ್ಡಿಗೂ ಕೋಡ್ ಬರೆಯೋ ಎಐಗೂ ಒಂದು ಕೊಂಡಿ ಹಾಕ್ಬೇಕು. ಬೋರ್ಡಿನ ಬೀಗದ ಕೈ ನಿಮ್ಮ ಹತ್ರಾನೇ ಇರೋದಲ್ವಾ?”

“ಹಾಕಿದ್ರೆ ಏನಾಗುತ್ತೆ ಸರ್?”

“ಅದು ಟಿಕೆಟ್ ಓದುತ್ತೆ, ಕೋಡ್ ಬರೆಯೋಕೆ ಜೊತೆಯಾಗುತ್ತೆ, ಕೆಲಸ ಎಲ್ಲಿಗೆ ಬಂತು ಅಂತ ಟಿಕೆಟ್‌ನಲ್ಲಿ ತಾನೇ ಬರೆಯುತ್ತೆ. ಇನ್ಮೇಲೆ ಯಾರೂ ಯಾರನ್ನೂ ಕೇಳ್ಬೇಕಾಗಿಲ್ಲ.”

“ಹಾಗಾದ್ರೆ ಕೇಳೋಳ ಗತಿ?”

ಮ್ಯಾನೇಜರ್ ಪೆನ್ನಿನ ಮುಚ್ಚಳ ತೆಗೆದರು, ಹಾಕಿದರು. “ಒಂದು ತಿಂಗಳು ಹೇಗೆ ನಡೆಯುತ್ತೋ ನೋಡ್ತೀವಿ. ನಿಮ್ಮ ಕುರ್ಚಿ ವಿಷಯ, ಅದೇನಿದ್ರೂ ಮುಂದೆ ನೋಡೋಣ.”

ಆ ಮಾತಿನ ಅರ್ಥ ಆ ಕಟ್ಟಡದಲ್ಲಿ ಬೇರೆ ಯಾರಿಗಾದರೂ ಹೊಳೆಯದೆ ಇರಬಹುದು. ಅಕ್ಕನಿಗೆ ಮಾತ್ರ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಕೊಂಡಿ ಹಾಕಲು ಅರ್ಧ ಗಂಟೆಯೂ ಹಿಡಿಯಲಿಲ್ಲ. ಮೂರು ಚೌಕಗಳಲ್ಲಿ ಗುರುತು ಹಾಕಬೇಕಿತ್ತು: ಓದಬಹುದು, ಬರೆಯಬಹುದು, ‘ಸಿದ್ಧ’ ಎಂಬ ಚೀಟಿ ಅಂಟಿಸಿದ ಟಿಕೆಟನ್ನು ತಾನೇ ಕೈಗೆತ್ತಿಕೊಳ್ಳಬಹುದು. ಮೂರಕ್ಕೂ ಆಕೆಯೇ ಗುರುತು ಹಾಕಿದಳು. ತನ್ನ ಕೊರಳಿಗೆ ತಾನೇ ಹಗ್ಗ ಹೊಸೆದಂತಾಯಿತು.

ಹುಡುಗರು ಅದಕ್ಕೆ ‘ಕೋಡಣ್ಣ’ ಎಂದು ನಾಮಕರಣ ಮಾಡಿದರು. ಕೋಡ್ ಬರೆಯುವ ಅಣ್ಣ. ಬಂದ ವಾರದಲ್ಲೇ ಅಣ್ಣನಿಗೆ ಎರಡು ಕೋಡೂ ಮೂಡಿವೆ ಎಂದು ಅಕ್ಕನಿಗೆ ಅನಿಸಿತು. ಏಕೆಂದರೆ ಕೋಡಣ್ಣ ಬರೀ ಕೋಡ್ ಬರೆದು ಸುಮ್ಮನಾಗುತ್ತಿರಲಿಲ್ಲ. ಪ್ರೋಗ್ರಾಮರು ತನ್ನೊಡನೆ ಆಡಿದ ಮಾತಿನ ಸಾರವನ್ನು ಟಿಕೆಟ್‌ನಲ್ಲಿ ಬರೆದಿಡುತ್ತಿದ್ದ. ಮೊದಲ ದಿನವೇ ಮೌನಿಯ ಟಿಕೆಟ್ ತೆರೆದು ಅಕ್ಕ ಓದಿದಳು: ‘ರಜಾದಿನಗಳು ಬಂದಾಗ ಪುಸ್ತಕ ಹಿಂದಿರುಗಿಸುವ ದಿನಾಂಕ ತಪ್ಪು ಬರುತ್ತಿದೆ. ಕಾರಣ ತಿಳಿಯದೆ ನಾಲ್ಕು ದಿನಗಳಿಂದ ಇಲ್ಲೇ ನಿಂತಿರುವುದಾಗಿ ಎಂಜಿನಿಯರ್ ಹೇಳಿದ್ದಾರೆ. ಈ ಭಾಗ ತನಗೆ ಎಂದೂ ಸರಿಯಾಗಿ ಅರ್ಥವಾಗಿಲ್ಲ ಎಂದೂ ಹೇಳಿದ್ದಾರೆ.’

ಆ ನಾಲ್ಕು ದಿನಗಳಲ್ಲಿ ಆಕೆ ನಾಲ್ಕು ಸಲ ಕೇಳಿದ್ದಳು. ಬಂದದ್ದು ಒಟ್ಟು ಎಂಟು ಹುಬ್ಬು.

ಹೊಟ್ಟೆಯಲ್ಲಿ ಕಿಚ್ಚು ಹತ್ತಿಕೊಂಡಿತು. ಸುಳ್ಳೇಕೆ, ಅದರ ಮೇಲೆ ಒಂದು ಪಾತ್ರೆ ಇಟ್ಟಿದ್ದರೆ ಇಡೀ ಕಚೇರಿಗೆ ಟೀ ಕುದಿಸಬಹುದಿತ್ತು. ಮೌನಿಯ ಹಿಂದಿನಿಂದ ಹಾದುಹೋಗುವಾಗ ಅವನು ಪರದೆಯ ಮೇಲೆ ‘ಥ್ಯಾಂಕ್ಸ್, ತುಂಬಾ ಸಹಾಯ ಆಯ್ತು’ ಎಂದು ಟೈಪ್ ಮಾಡುವುದು ಕಂಡಿತು. ಮಾತ್ರೆ ತಂದುಕೊಟ್ಟ ದಿನ ಆಕೆಗೆ ಸಿಕ್ಕಿದ್ದು ಒಂದು ತಲೆಯಾಟ.

ಕಿಟಕಿ ಪಕ್ಕದ ಮೇಜಿನ ಹುಡುಗಿ ಬೇರೆ ಗಾಯಕ್ಕೆ ಉಪ್ಪು ಸುರಿದಳು. “ಕೋಡಣ್ಣನಿಗೆ ಎಷ್ಟು ತಾಳ್ಮೆ ಅಕ್ಕ. ಒಂದೇ ಪ್ರಶ್ನೆ ಹತ್ತು ಸಲ ಕೇಳಿದ್ರೂ ಬೇಜಾರಿಲ್ಲ.”

“ನಾನೂ ಒಂದೇ ಪ್ರಶ್ನೇನ ಹದಿನೆಂಟು ವರ್ಷದಿಂದ ಕೇಳ್ತಿದೀನಿ. ನನ್ನ ತಾಳ್ಮೆ ಯಾರ ಕಣ್ಣಿಗೂ ಬೀಳಲ್ಲ.”

“ಅದು ಬೇರೆ ಅಕ್ಕ. ಅಲ್ಲಿ ಕೇಳೋರು ನಾವು.”

ಅಕ್ಕನ ಗಂಡ ಕನ್ನಡಕದಂಗಡಿ ಇಟ್ಟಿದ್ದ. ಮನೆ ಮೇಲೆ, ಅಂಗಡಿ ಕೆಳಗೆ. ಭಾನುವಾರ ಮಧ್ಯಾಹ್ನ ಆಕೆ ಊಟದ ಡಬ್ಬಿ ಹಿಡಿದು ಕೆಳಗಿಳಿದು, ಚೌಕಟ್ಟುಗಳ ನಡುವೆ ಕೂತು ಕೋಡಣ್ಣನ ಕಥೆಯನ್ನೆಲ್ಲ ತೋಡಿಕೊಂಡಳು.

“ಇದೇನೇ ಇದು, ಈ ವಯಸ್ಸಲ್ಲಿ ನಿನಗೆ ಗಂಡು ಸವತಿ ಬಂದ ಹಾಗಾಯ್ತಲ್ಲ,” ಅಂದ ಗಂಡ.

“ನಗಬೇಡಿ. ಮಕ್ಕಳ ಹಾಗೆ ನೋಡ್ಕೊಂಡೆ. ನನ್ನ ಹತ್ರ ಬಾಯಿ ಬಿಡದವನು ಅದರ ಹತ್ರ ಜಾತಕಾನೇ ಬಿಚ್ಚಿದಾನೆ.”

“ನೀನು ಏನಂತ ಕೇಳ್ತೀಯ?”

“ಆಯ್ತಾ ಅಂತ. ಇನ್ನೇನು ಕೇಳೋದು?”

ಗಂಡ ಗೋಡೆಯ ಮೇಲಿನ ಅಕ್ಷರದ ಹಲಗೆಯ ಕಡೆ ಚಮಚ ತೋರಿಸಿದ. “ಅಂಗಡಿ ತೆರೆದ ಹೊಸದರಲ್ಲಿ ನಾನೂ ‘ಕಾಣ್ತಾ?’ ಅಂತಿದ್ದೆ. ಎಲ್ರೂ ಕಾಣ್ತು ಅಂತಿದ್ರು. ಕುರುಡು ಅನ್ನಿಸ್ಕೊಳ್ಳೋಕೆ ಯಾರಿಗೆ ಇಷ್ಟ? ಈಗ ಕೊನೆಗೆ ಓದೋಕೆ ಆಗಿದ್ದು ಯಾವ ಸಾಲು ಅಂತ ಕೇಳ್ತೀನಿ.”

“ನಿಮ್ಮ ಗಿರಾಕಿಗಳ ಕಥೆ ನನಗ್ಯಾಕೆ,” ಎಂದು ಅಕ್ಕ ಡಬ್ಬಿಯ ಮುಚ್ಚಳ ಬಡಿದಳು.

ಮಂಗಳವಾರ ಊಟದ ಹೊತ್ತು. ಎಲ್ಲರೂ ಕೆಳಗೆ ಹೋಗಿದ್ದರು. ಅಕ್ಕ ಬೋರ್ಡ್ ತೆರೆದು ‘ಮುಂದೆ ನೋಡೋಣ’ ಕಾಲಮ್ಮಿನ ಮೂವತ್ತೇಳು ಟಿಕೆಟ್‌ಗಳನ್ನೂ ಒಟ್ಟಿಗೆ ಆರಿಸಿ, ಅಷ್ಟಕ್ಕೂ ‘ಸಿದ್ಧ’ ಚೀಟಿ ಅಂಟಿಸಿದಳು. ಆಕೆಗೆ ಗೊತ್ತಿತ್ತು, ಆ ಕಾಲಮ್ಮು ಒಂದು ಪಾಳುಬಾವಿ. ಒಂದು ಲೈಬ್ರರಿಗೆ ತಡಮಾಡಿದವರಿಗೆ ಹೋಗುವ ಓಲೆ ಖಡಕ್ಕಾಗಿರಬೇಕು, ಇನ್ನೊಂದಕ್ಕೆ ಅದೇ ಓಲೆ ಬೆಣ್ಣೆಯಂತಿರಬೇಕು. ಒಬ್ಬರಿಗೆ ಪುಸ್ತಕ ವಾಪಸು ಬಂದಾಗ ಗಂಟೆ ಬಾರಿಸಬೇಕು, ಇನ್ನೊಬ್ಬರಿಗೆ ಯಾವ ಸದ್ದೂ ಕೂಡದು. ಬೀಳಲಿ ಬಾವಿಗೆ, ಒದ್ದಾಡಲಿ, ಎಲ್ಲರೂ ನೋಡಲಿ. ಹೀಗೆಂದುಕೊಂಡು ಕೆಳಗೆ ಹೋಗಿ, ಎರಡು ವಾರಗಳಲ್ಲಿ ಮೊದಲ ಬಾರಿ ಹೊಟ್ಟೆ ತುಂಬ ಉಂಡಳು.

ಕೋಡಣ್ಣ ಬಾವಿಗೆ ಬಿದ್ದ, ಈಜಿ ಮೇಲೆ ಬಂದ. ಆಕೆ ಕೈ ತೊಳೆದು ಮೇಲೆ ಬರುವಷ್ಟರಲ್ಲಿ ಮೂವತ್ತೇಳಕ್ಕೂ ಕೋಡ್ ಬರೆದು ‘ಪರಿಶೀಲನೆ’ಗೆ ಇಟ್ಟಿದ್ದ. ಖಡಕ್ ಓಲೆಗೂ ಬೆಣ್ಣೆಯ ಓಲೆಗೂ ಜಗಳವೇ ಬಾರದಂತೆ, ಪ್ರತಿ ಲೈಬ್ರರಿಯೂ ತನಗೆ ಬೇಕಾದ್ದನ್ನು ಆರಿಸಿಕೊಳ್ಳಲು ಒಂದು ಗುಂಡಿ ಇಟ್ಟಿದ್ದ. ಇಷ್ಟು ವರ್ಷಗಳಲ್ಲಿ ಆ ಗುಂಡಿ ಯಾರ ತಲೆಗೂ, ಮುಖ್ಯವಾಗಿ ತನ್ನ ತಲೆಗೆ, ಹೊಳೆದಿರಲಿಲ್ಲವಲ್ಲ ಎಂದು ಅಕ್ಕನ ಹೊಟ್ಟೆ ಎರಡನೆಯ ಸುತ್ತು ಉರಿಯಿತು.

ಆದರೆ ಅಷ್ಟಕ್ಕೇ ಮುಗಿಯಲಿಲ್ಲ. ಟಿಕೆಟ್ ಪರಿಶೀಲನೆಗೆ ಬಂದರೆ ಕೇಳಿದವರಿಗೆ ‘ನಿಮ್ಮ ಬೇಡಿಕೆ ಕೊನೆಯ ಹಂತದಲ್ಲಿದೆ’ ಎಂದು ತಾನಾಗಿ ಪತ್ರ ಹೋಗುವ ವ್ಯವಸ್ಥೆಯನ್ನು ಅಕ್ಕನೇ ಎಂದೋ ಮಾಡಿಟ್ಟಿದ್ದಳು. ಮೂವತ್ತೇಳು ಪತ್ರಗಳು ಹೋಗಿದ್ದವು. ಫೋನ್ ಬಡಿದುಕೊಳ್ಳತೊಡಗಿತು. ನಿವೃತ್ತರಾಗಿದ್ದ ಲೈಬ್ರರಿಯನ್ ಒಬ್ಬರು ಯಾರಿಂದಲೋ ಸುದ್ದಿ ತಿಳಿದು ಮಾತಾಡಿದರು. “ಒಂಬತ್ತು ವರ್ಷ ಆಯ್ತಮ್ಮ. ಬೋರ್ಡಿನ ಮೇಲಿದೆ ಅಂದಿದ್ರಿ, ಮಾಡೇ ಮಾಡ್ತಾರೆ ಅಂತ ಎಲ್ರಿಗೂ ಹೇಳ್ತಿದ್ದೆ. ನಮ್ಮನೇಲಿ ನಗ್ತಿದ್ರು.” ಅಕ್ಕನಿಗೆ ರಿಸೀವರ್ ಭಾರವಾಯಿತು.

ಇನ್ನು ಆ ಮೂವತ್ತೇಳನ್ನೂ ನೋಡಿ ಒಪ್ಪಬೇಕಾದವನು ಯಾರು? ಮೌನಿ. ಶುಕ್ರವಾರ ಕೊಡಲೇಬೇಕಾಗಿದ್ದ ದಿನಾಂಕದ ಕೆಲಸ ಆ ರಾಶಿಯ ಅಡಿಯಲ್ಲಿ ಹೂತುಹೋಗಿತ್ತು. ಅವನು ಎದ್ದ. ಹನ್ನೊಂದು ವರ್ಷಗಳಲ್ಲಿ ಮೊದಲ ಸಲ ತಾನಾಗಿ ಅಕ್ಕನ ಮೇಜಿಗೆ ಬಂದ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದರೂ ಬೋರ್ಡ್ ಕಣ್ಣು ಮುಚ್ಚಿರುವುದಿಲ್ಲ. ಚೀಟಿ ಅಂಟಿಸಿದವರು ಯಾರು, ಎಷ್ಟು ಗಂಟೆಗೆ, ಎಲ್ಲ ಅದರಲ್ಲಿ ದಾಖಲಾಗಿತ್ತು.

“ಅಕ್ಕ, ಇದು ನೀವಾ?”

ಕೈ ಜಾರಿತು ಅನ್ನಬಹುದಿತ್ತು. ಹದಿನೆಂಟು ವರ್ಷ ಬೇರೆಯವರ ಸುಳ್ಳನ್ನು ನಿಘಂಟು ಹಿಡಿದು ಓದಿದವಳಿಗೆ ತನ್ನದೊಂದನ್ನು ಹೇಳಲು ನಾಲಿಗೆ ಏಳಲಿಲ್ಲ.

“ಹೌದು. ನಾನೇ.”

“ಯಾಕೆ?”

“ಅದರ ಹತ್ರ ನಿನಗೆ ಮಾತು ಬರುತ್ತೆ. ನನ್ನ ಹತ್ರ ಹುಬ್ಬು ಮಾತ್ರ. ಅದಕ್ಕೆ.”

ಕಚೇರಿಯ ಇತಿಹಾಸದಲ್ಲೇ ಮೌನಿಯ ಅತಿ ಉದ್ದದ ಭಾಷಣ ಹೊರಬಿತ್ತು. “ನೀವು ಆಯ್ತಾ ಅಂತೀರಿ ಅಕ್ಕ. ನಿಮಗೆ ಆಗಿಲ್ಲ ಅನ್ನೋಕೆ ನಾಚಿಕೆ ಆಗುತ್ತೆ. ಮೊದಲ ದಿನದಿಂದ ನೋಡಿದೋರು ನೀವು. ಅದು ಎಲ್ಲಿ ನಿಂತಿದೆ ಅಂತ ಕೇಳುತ್ತೆ. ಎಲ್ಲೋ ನಿಂತಿದೆ ಅಂತ ಅದಾಗಲೇ ಒಪ್ಪಿಕೊಂಡ ಹಾಗೆ. ಮತ್ತೆ ಹೇಳೋಕೇನು?”

ಅಕ್ಕನಿಗೆ ಗೋಡೆಯ ಮೇಲಿನ ಅಕ್ಷರದ ಹಲಗೆ, ಅದರತ್ತ ಚಾಚಿದ ಚಮಚ ನೆನಪಾದವು. ಈ ವಿಷಯ ಮಾತ್ರ ಮನೆಯಲ್ಲಿ ಬಾಯಿ ಬಿಡಕೂಡದು ಎಂದು ಅಲ್ಲೇ ತೀರ್ಮಾನಿಸಿದಳು.

ಸಂಜೆಯವರೆಗೆ ಇಬ್ಬರೂ ಒಂದೇ ಪರದೆಯ ಮುಂದೆ ಕೂತು ರಾಶಿ ಬಿಡಿಸಿದರು. ಏಳು ಟಿಕೆಟ್‌ಗಳು ನಿಜಕ್ಕೂ ಮಾಡಬಹುದಾದವು. ಉಳಿದ ಮೂವತ್ತಕ್ಕೆ ಕೋಡಣ್ಣ ಕೋಡ್ ಬರೆದಿದ್ದರೂ, ಅವನ್ನು ಒಪ್ಪಿದರೆ ಬೇರೆ ಲೈಬ್ರರಿಗಳ ಕೆಲಸ ಕೆಡುತ್ತಿತ್ತು; ಯಾವ ಕಾಲಕ್ಕೂ ಆಗದವು. ಆಮೇಲೆ ಮ್ಯಾನೇಜರ್ ಕರೆಯುವ ಮೊದಲೇ ಅಕ್ಕ ಅವರ ಕೋಣೆಗೆ ಹೋಗಿ ನಡೆದದ್ದನ್ನೆಲ್ಲ ಹೇಳಿದಳು.

“ಈಗ ಇಷ್ಟು ಜನಕ್ಕೆ ಏನು ಹೇಳೋದು?” ಅಂದರು ಅವರು.

“ಏಳು ಜನಕ್ಕೆ ಹೌದು. ಮೂವತ್ತು ಜನಕ್ಕೆ ಇಲ್ಲ. ನಾನೇ ಫೋನ್ ಮಾಡಿ ಹೇಳ್ತೀನಿ. ಆ ಕಾಲಮ್ಮು ತೆಗೆದುಬಿಟ್ಟೆ ಸರ್. ನೀವೂ ನನ್ನ ಕುರ್ಚಿ ವಿಷಯ ಹೌದೋ ಇಲ್ವೋ ಹೇಳಿಬಿಡಿ.”

ಮ್ಯಾನೇಜರ್ ಪೆನ್ನಿನ ಮುಚ್ಚಳ ಹುಡುಕಿದರು, ಸಿಗಲಿಲ್ಲ. “ವರ್ಷದ ಕೊನೇವರೆಗೆ ಹೌದು. ಆಮೇಲಿಂದು ನನಗೂ ಗೊತ್ತಿಲ್ಲ.”

ಪೂರ್ತಿ ಹೌದಲ್ಲ. ಆದರೂ ತಾರೀಕು ಇರುವ ಉತ್ತರ. ಅಕ್ಕ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು.

ಬುಧವಾರ ಬೆಳಿಗ್ಗೆ ಹತ್ತಕ್ಕೆ ಸುತ್ತು ಹೊರಟವಳು ಮೌನಿಯ ಮೇಜಿನ ಬಳಿ ನಿಂತಳು. ಹಳೆಯ ಪದ ತುಟಿಯ ತುದಿಗೆ ಬಂತು, ನುಂಗಿದಳು.

“ಎಲ್ಲಿ ನಿಂತಿದೆ?”

ಮೌನಿ ಹುಬ್ಬು ಏರಿಸಲಿಲ್ಲ. ಪಕ್ಕದ ಖಾಲಿ ಕುರ್ಚಿ ಎಳೆದ. ಒಂದೇ ಒಂದು ಲೈಬ್ರರಿಯ ರಜಾಪಟ್ಟಿ ತಪ್ಪಿರಬೇಕು, ಎಷ್ಟು ಪತ್ರ ಬರೆದರೂ ಆ ಲೈಬ್ರರಿಯನ್ ಉತ್ತರವೇ ಕೊಡುತ್ತಿಲ್ಲ ಎಂದ.

“ಅವರು ಪತ್ರ ಓದಲ್ಲ ಕಣೋ. ಬಾಗಿಲು ತೆರೆಯೋ ಮೊದಲು ಫೋನ್ ಮಾಡಿದ್ರೆ ಮಾತ್ರ ಸಿಗ್ತಾರೆ. ನನಗೆ ಬಿಡು.”

ಗುರುವಾರ ಬೆಳಿಗ್ಗೆ ಒಂಬತ್ತಕ್ಕೆ ಫೋನು, ಒಂಬತ್ತೂಮುಕ್ಕಾಲಿಗೆ ಪಟ್ಟಿ. ಅಚ್ಚು ಹಾಕಿಸಿ ಮೌನಿಯ ಕೈಗೇ ಕೊಟ್ಟು ಬಂದಳು. ಇಷ್ಟು ದಿನ ಕಂಪ್ಯೂಟರಿನಲ್ಲಿದ್ದ ಪಟ್ಟಿಯ ನಾಲ್ಕು ರಜೆಗಳು ಹೋದ ವರ್ಷದವು. ರೋಗ ಅಲ್ಲೇ ಇತ್ತು. ಮೌನಿ “ಥ್ಯಾಂಕ್ಸ್ ಅಕ್ಕ” ಅಂದ. ಬಾಯಿಬಿಟ್ಟು ಅಂದ. ಅಕ್ಕ ತನ್ನ ಕುರ್ಚಿಗೆ ಮರಳಿ ಬೋರ್ಡ್ ತೆರೆದಾಗ ಆ ಟಿಕೆಟ್‌ನಲ್ಲಿ ಕೋಡಣ್ಣ ಬರೆದ ಹೊಸ ಸಾಲೊಂದು ಆಕೆಯ ಹೆಸರಿಗೇ ಬಂದು ಕಾಯುತ್ತಿತ್ತು:

‘ರಜಾಪಟ್ಟಿಯ ವಿಷಯವನ್ನು ತಮಗೆ ಹೇಳಿರುವುದಾಗಿ ಎಂಜಿನಿಯರ್ ನಿನ್ನೆ ತಿಳಿಸಿದ್ದಾರೆ. ವಿವರ ನನ್ನ ಬಳಿ ಇಲ್ಲ. ದಯವಿಟ್ಟು ತಿಳಿಸಿ: ಅದು ಆಯಿತೇ?’

ಅಕ್ಕ ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ಓದಿದಳು. ಆ ಕಡೆ ಮೇಜಿನ ಮೇಲೆ ಮೌನಿ ಪಟ್ಟಿಯನ್ನು ಹರಡಿಕೊಂಡು ಕೆಲಸಕ್ಕೆ ಇಳಿದಾಗಿತ್ತು. ಆಕೆ ಕೀಲಿಮಣೆಯನ್ನು ಹತ್ತಿರಕ್ಕೆ ಎಳೆದುಕೊಂಡು, ನಿಧಾನವಾಗಿ, ಒಂದೊಂದು ಅಕ್ಷರವನ್ನೂ ಸವಿಯುತ್ತ ಉತ್ತರ ಬರೆದಳು.

‘ಆಗ್ತಾ ಇದೆ.’

ಆಮೇಲೆ ಟೀ ಕುಡಿಯಲು ಎದ್ದುಹೋದಳು.